ಖಾಲಿ ಡ್ರಮ್ಮಿನ ಕೆಮ್ಮು

ಕೈ ಕೆಸರಾದರೆ ಬಾಯಿ ಮೊಸರು ಎಂದರು ಹಿರಿಯರು. ಪಾಪ, ಅವರು ತಗಡಿನ ಕಾರ್ಖಾನೆ ನೋಡಿರಲಿಲ್ಲ. ನೋಡಿದ್ದರೆ, ಬಾಯಿ ಕೆಮ್ಮಿದರೆ ಕೈ ಮೊಟಕು ಎನ್ನುತ್ತಿದ್ದರು. ಇದು ನಡೆದ ಕತೆ. ಉಪ್ಪುಖಾರ ಹಚ್ಚಿಲ್ಲ, ಹಚ್ಚಲು ಮನಸ್ಸೂ ಬರುವುದಿಲ್ಲ.

ಕೆಮ್ಮಿದ ಬಾಯಿ ಗಿಳಿಯದು. ಆ ಹೆಸರು ಅವನಿಗೆ ಬಂದದ್ದು ಮೂಗಿನಿಂದಲ್ಲ, ನಾಲಿಗೆಯಿಂದ. ಮ್ಯಾನೇಜರು ಫೋನಿನಲ್ಲಿ ಹೆಂಡತಿಗೆ ಹೂಂಗುಟ್ಟುವುದು, ಗೇಟಿನ ಕಾವಲಿನವನ ಸೀನು, ಮುದಿ ಕಂಪ್ರೆಸರಿನ ಗೊರಕೆ, ಎಲ್ಲವೂ ಅವನ ಗಂಟಲಿನಲ್ಲಿ ಬಾಡಿಗೆಗಿದ್ದವು. ಕೆಲಸ ಬಾಗಿಲ ಬಳಿ: ಹನ್ನೆರಡು ಪ್ರೆಸ್ಸುಗಳು ಒತ್ತಿ ಉದುರಿಸುವ ಡಬ್ಬಿ ಮುಚ್ಚಳಗಳನ್ನು ಪೆಟ್ಟಿಗೆಗೆ ತುಂಬುವುದು. ನಾಲ್ಕನೇ ಪ್ರೆಸ್ಸಿನಲ್ಲಿ ಅವನ ಅಕ್ಕನ ಗಂಡ, ಭಾವ.

ಪ್ರತಿ ಪ್ರೆಸ್ಸಿಗೂ ಎರಡು ಬಟನ್ನು, ನಡುವೆ ಒಂದು ಮೊಳ ಅಂತರ. ಎರಡೂ ಕೈಯಿಂದ ಎರಡನ್ನೂ ಒಟ್ಟಿಗೆ ಅದುಮಿದರೆ ಮಾತ್ರ ಮೇಲಿನ ಅಚ್ಚು ಇಳಿಯುತ್ತದೆ. ಕೈ ಎರಡೂ ಬಟನ್ನಿನ ಮೇಲಿದ್ದರೆ ಅಚ್ಚಿನ ಬಾಯಿಗೆ ಸಿಗುವುದೆಲ್ಲಿಂದ? ಮಾಡಿದವನು ಬುದ್ಧಿವಂತ. ಓಡಿಸುವವರು ಅವನಪ್ಪಂದಿರು. ಸೈಕಲ್ ಟ್ಯೂಬನ್ನು ಉಂಗುರದಂತೆ ಕತ್ತರಿಸಿ ಎಡಗಡೆ ಬಟನ್ನನ್ನು ಅದುಮಿಯೇ ಕಟ್ಟಿಬಿಡುತ್ತಿದ್ದರು. ಆಮೇಲೆ ಎಡಗೈ ತಗಡು ಇಡುತ್ತಾ ಹೋಗುವುದು, ಬಲಗೈ ಒತ್ತುತ್ತಾ ಹೋಗುವುದು. ದಿನದ ಮುಚ್ಚಳ ಬೇಗ ಮುಗಿದರೆ ಕೊನೆಯ ಅರ್ಧ ಗಂಟೆ ಕಾಲು ಚಾಚಿ ಕೂರಬಹುದು. ಎಲ್ಲ ಆ ಅರ್ಧ ಗಂಟೆಗಾಗಿ.

ಇದನ್ನು ಹಿಡಿಯಲು ಇದ್ದವರು ಸುರಕ್ಷತೆಯ ಸಾಹೇಬರು. ಗೋಡೆ ತುಂಬ ಬೋರ್ಡು ಬರೆಸಿ, ನಡೆದಲ್ಲೆಲ್ಲ ಪಾಠ ಮಾಡುತ್ತಿದ್ದುದರಿಂದ ಅವರಿಗೆ ಕೆಮ್ಮು ಮೇಷ್ಟ್ರು ಎಂದೇ ಹೆಸರು. ಎರಡು ಗಿಡ್ಡ, ಒಂದು ಉದ್ದ, ಇಷ್ಟು ಕೆಮ್ಮದೆ ಅವರು ಅಂಗಳ ದಾಟಿದ್ದಿಲ್ಲ. ಗಿಳಿ ಅವರನ್ನು ದೂರದಿಂದಲೇ ಕಂಡು, ಬಾಗಿಲ ಪಕ್ಕದ ಖಾಲಿ ಡ್ರಮ್ಮಿನೊಳಗೆ ಬಾಯಿಟ್ಟು ಅವರದೇ ಕೆಮ್ಮು ಕೆಮ್ಮುತ್ತಿದ್ದ. ಹನ್ನೆರಡು ಬಲಗೈಗಳು ಎಡಕ್ಕೆ ಹಾರಿ, ಉಂಗುರ ಕಿತ್ತು, ಜೇಬಿಗಿಳಿಸುತ್ತಿದ್ದವು. ಮೇಷ್ಟ್ರು ಒಳಗೆ ಬರುವಷ್ಟರಲ್ಲಿ ಎಲ್ಲರೂ ಹೆಣ್ಣು ನೋಡಲು ಬಂದ ಗಂಡಿನ ಹಾಗೆ ಸಾಧು.

"ನೋಡಿದ್ರಾ, ಹೇಳ್ತಾ ಹೇಳ್ತಾ ಕಲ್ಲೂ ಕರಗುತ್ತೆ," ಎಂದು ಮೇಷ್ಟ್ರು ಪುಸ್ತಕದಲ್ಲಿ ಗೀಚಿಕೊಂಡು ಹೋಗುತ್ತಿದ್ದರು.

ಒಂದು ಮಧ್ಯಾಹ್ನ, ಯಾರೂ ಬರದಿದ್ದಾಗ, ಗಿಳಿಗೆ ಬೇಜಾರಾಯಿತು. ಸುಮ್ಮನೆ, ಎಲ್ಲರೂ ಬೆಚ್ಚುವುದನ್ನು ನೋಡೋಣ ಎಂದು ಕೆಮ್ಮಿದ.

ಭಾವನ ಎಡಗೈ ಅಚ್ಚಿನೊಳಗೆ ಸೊಟ್ಟಗೆ ಕೂತ ತಗಡನ್ನು ಸರಿಮಾಡುತ್ತಿತ್ತು. ಬಲಗೈ ಉಂಗುರ ಕೀಳಲು ಹಾರಿತು. ಮೊಳ ಎಂದರೆ ಮೊಣಕೈಯಿಂದ ಬೆರಳ ತುದಿಯವರೆಗೆ. ಬೆರಳು ಎಡ ಬಟನ್ನಿಗೆ ತಲುಪಿದಾಗ ಮೊಣಕೈ ಬಲ ಬಟನ್ನಿನ ಮೇಲೆ ಕೂತಿತು. ಉಂಗುರ ಇನ್ನೂ ಬಿಚ್ಚಿರಲಿಲ್ಲ.

ಅಚ್ಚು ತಗಡಿನ ಮೇಲೆ ಬೀಳುವ ಸದ್ದನ್ನು ಗಿಳಿ ನೂರು ಸಲ ಮಾಡಿ ತೋರಿಸಿದ್ದ. ಅವತ್ತಿನ ಸದ್ದು ಬೇರೆ. ಅದನ್ನು ಅವನು ಯಾರಿಗೂ ಮಾಡಿ ತೋರಿಸಲಿಲ್ಲ.

ನಡುವಿನ ಮೂರು ಬೆರಳು ಹೋದವು. ಹೆಬ್ಬೆರಳು, ಕಿರುಬೆರಳು ಉಳಿದವು. 'ಬಟನ್ನಿಗೆ ಟ್ಯೂಬು ಕಟ್ಟಲಾಗಿತ್ತು, ಕೆಲಸಗಾರನ ಅಜಾಗರೂಕತೆ' ಎಂದು ವರದಿ ಬರೆದರು. ಗೋಡೆಗೆ ಇನ್ನೊಂದು ಬೋರ್ಡು ಬಂತು. ಕೆಮ್ಮಿನ ಮಾತನ್ನು ಹನ್ನೊಂದು ಮಂದಿಯಲ್ಲಿ ಒಬ್ಬರೂ ಎತ್ತಲಿಲ್ಲ. ಎತ್ತಿದರೆ ಎಲ್ಲರ ಜೇಬಿನ ಉಂಗುರವೂ ಹೊರಬರಬೇಕಲ್ಲ.

ಮನೆಯಲ್ಲಿ ಅಕ್ಕ ಗಂಡನ ಅಂಗಿಗೆ ಗುಂಡಿ ಹಾಕುತ್ತಾ ಕೇಳಿದಳು, "ನೀನು ಅಲ್ಲೇ ಇದ್ದೆಯಲ್ಲೋ. ಹೇಗಾಯ್ತು?"

"ಗೊತ್ತಿಲ್ಲಕ್ಕಾ. ಸದ್ದು ಕೇಳ್ತು ಅಷ್ಟೇ."

ಭಾವ ಗೋಡೆ ನೋಡುತ್ತಿದ್ದ.

ಹನ್ನೊಂದನೇ ದಿನಕ್ಕೆ ಉಂಗುರಗಳು ಮತ್ತೆ ಬಂದವು. ಭಾವನ ಜಾಗಕ್ಕೆ ಬಂದ ಹೊಸಬನೂ ಮೊದಲ ವಾರವೇ ಕಟ್ಟುವುದು ಕಲಿತ. ಗಿಳಿ ಮಾತ್ರ ಗಂಟಲು ಕಟ್ಟಿದೆ ಎಂದು ಕೆಮ್ಮು ಬಿಟ್ಟ.

"ಹೋಗಿದ್ದು ನಿಮ್ಮ ಭಾವನ ಬೆರಳು ಕಣೋ. ನಿನ್ನ ಗಂಟಲಿಗೇನು ಬಂತು ರೋಗ?" ಎಂದು ಏಳನೇ ಪ್ರೆಸ್ಸಿನ ಬೋಳ ರೇಗಿದ. ಈಗ ಅವರೇ ಸರದಿ ಹಾಕಿಕೊಂಡು ಡ್ರಮ್ಮಿಗೆ ಕೆಮ್ಮತೊಡಗಿದರು. ಗಿಳಿಯಷ್ಟು ಚೆನ್ನಾಗಿ ಬರುತ್ತಿರಲಿಲ್ಲ, ಸಾಕಾಗುತ್ತಿತ್ತು.

ಮೂರು ತಿಂಗಳಿಗೆ ಭಾವ ಕೆಲಸಕ್ಕೆ ಬಂದ. ಸ್ಟೋರಿನಲ್ಲಿ ಕೈಗವಸು ಹಂಚುವ ಕೆಲಸ. "ನನ್ನ ಅಳತೇದು ಮಾತ್ರ ಸ್ಟಾಕ್ ಇಲ್ಲ ನೋಡಿ," ಎಂದು ಬಂದವರಿಗೆಲ್ಲ ಹೇಳುತ್ತಿದ್ದ. ಬಂದವರು ನಗಲಾರದೆ ಬೇಗ ಹೊರಟುಹೋಗುತ್ತಿದ್ದರು. ಮೊದಲ ದಿನವೇ ಅವನು ಪ್ರೆಸ್ಸುಗಳ ಸಾಲಿನಲ್ಲಿ ಒಂದು ಸುತ್ತು ಬಂದು ಹನ್ನೆರಡು ಉಂಗುರ ಎಣಿಸಿದ.

ಊಟದ ಹೊತ್ತಿಗೆ ಗಿಳಿ ಸ್ಟೋರಿಗೆ ಹೋಗಿ ನಿಂತ. ಕಟ್ಟೆಯ ಮೇಲೆ ಕೈಗವಸಿನ ರಾಶಿ.

"ಭಾವ, ಅವತ್ತು ಮೇಷ್ಟ್ರು ಬಂದಿರಲಿಲ್ಲ. ನಾನು... ತಮಾಷೆಗೆ."

"ಗೊತ್ತು."

"ಗೊತ್ತಾ?"

"ಅವರು ಅವತ್ತು ರಜೆ. ಬೆಳಿಗ್ಗೆ ನನಗೇ ಹೇಳಿ ಹೋಗಿದ್ರು, ಮಗಳ ಮನೆಗೆ ಅಂತ. ನೀನು ಕೆಮ್ಮಿದಾಗ, ನಮ್ಮ ಭಾಮೈದನಿಗೆ ತಲೆ ಕೆಟ್ಟಿದೆ ಅಂದ್ಕೊಂಡೆ."

"ಮತ್ತೆ ಯಾಕೆ ಕೀಳೋಕೆ ಹೋದ್ರಿ?"

"ನಾನೆಲ್ಲಿ ಹೋದೆ? ಕೈ ಹೋಯ್ತು." ಭಾವ ಕೈಗವಸುಗಳನ್ನು ಜೋಡಿ ಜೋಡಿಯಾಗಿ ಇಡುತ್ತಿದ್ದ. "ಎಂಟು ವರ್ಷದಲ್ಲಿ ಈ ಕೈ ಕೆಮ್ಮಿಗೆ ಹೆದರೋದು ಕಲಿತಿತ್ತು ಕಣೋ. ಪ್ರೆಸ್ಸಿಗೆ ಹೆದರೋದು ಕಲಿತಿರಲಿಲ್ಲ. ನಿಮ್ಮಕ್ಕನಿಗೆ ನಾನು ಹೇಳಿಲ್ಲ. ನೀನೇ ಹೇಳ್ಬೇಕು."

ಅವತ್ತು ಸಂಜೆಯೇ ಹೇಳಿದ. ಅಕ್ಕ ಬೈಯಲಿಲ್ಲ. ಎದ್ದು ಹೋಗಿ, ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೆ ತೊಳೆದಳು. ಅಲ್ಲಿಂದಾಚೆ ಅವನೊಡನೆ ಮಾತಿಲ್ಲ.

ತಿಂಗಳ ಸುರಕ್ಷತೆ ಸಭೆ ಅಂಗಳದಲ್ಲಿ. ಮೇಷ್ಟ್ರು ಕಾಗದ ಓದುತ್ತಿದ್ದರು, ಜನ ಆಕಳಿಸುತ್ತಿದ್ದರು. ನಡುವೆ ಭಾವ ಎದ್ದು ನಿಂತ.

"ಮೇಷ್ಟ್ರೇ, ಒಂದು ನಿಮಿಷ ಕೊಡಿ. ಪ್ರೆಸ್ಸಿನವರೆಲ್ಲ ಹಿಂಗೆ ಸಾಲಾಗಿ ನಿಂತ್ಕೊಳ್ರಪ್ಪ. ಸುಮ್ಮನೆ ನಿಂತ್ರೆ ಸಾಕು, ಏನೂ ಮಾಡ್ಬೇಡಿ. ಮಾಡ್ಬೇಡಿ ಅಂದೆ, ಗೊತ್ತಾಯ್ತಲ್ಲ? ಗಿಳಿ, ಡ್ರಮ್ ತಗೊಂಡ್ ಬಾ."

ಗಿಳಿ ಒಂದು ಹೆಜ್ಜೆ ಹಿಂದೆ ಸರಿದ. "ಬೇಡ ಭಾವ."

"ತಾರೋ. ಕೊನೇ ಸಲ."

ತಂದ. ಬಗ್ಗಿ, ತುಕ್ಕಿನ ವಾಸನೆಯೊಳಗೆ ಬಾಯಿಟ್ಟ. ಎರಡು ಗಿಡ್ಡ, ಒಂದು ಉದ್ದ.

ಅಂಗಳದಲ್ಲಿ ಪ್ರೆಸ್ಸಿರಲಿಲ್ಲ, ಬಟನ್ನಿರಲಿಲ್ಲ, ಉಂಗುರವೂ ಕಟ್ಟಿರಲಿಲ್ಲ. ಹನ್ನೆರಡು ಬಲಗೈಗಳು ಎಡಕ್ಕೆ ಹಾರಿ ಗಾಳಿಯನ್ನು ಕಿತ್ತವು. ಹೊಸಬನ ಕೈ ಜೇಬಿನವರೆಗೂ ಹೋಗಿ ಬಂತು.

ಮೇಷ್ಟ್ರು ತಮ್ಮ ಕೆಮ್ಮು ಎಲ್ಲಿಂದ ಬಂತೆಂದು ಡ್ರಮ್ಮು ನೋಡಿದರು, ಕೈಗಳನ್ನು ನೋಡಿದರು. ಪುಸ್ತಕ ಬಿಚ್ಚಿ, ಇಷ್ಟು ವರ್ಷ ಗೀಚಿದ ಹಾಳೆಗಳನ್ನು ಒಂದೊಂದಾಗಿ ಮಗುಚಿದರು. ಆಮೇಲೆ ಮುಚ್ಚಿದರು.

ಮೊದಲು ಬೋಳ ಮುಂದೆ ಬಂದ. ಜೇಬಿನಿಂದ ಉಂಗುರ ತೆಗೆದು ಡ್ರಮ್ಮಿಗೆ ಹಾಕಿದ. ರಬ್ಬರು, ಸದ್ದೇ ಆಗಲಿಲ್ಲ. ಅವನ ಹಿಂದೆ ಇನ್ನೊಬ್ಬ, ಮತ್ತೊಬ್ಬ. ಒಂಬತ್ತು ಬಿದ್ದವು. ಮೂರು ಬೀಳಲಿಲ್ಲ.

ಭಾವನ ಕಣ್ಣು ಆಗ ತನ್ನ ಕೈಯ ಮೇಲೆ ಬಿತ್ತು. ಅವನ ಬಲಗೈಯೂ ಹಾರಿತ್ತು. ಎಡಗೈಯ ಮೊಟಕನ್ನು ಹಿಡಿದುಕೊಂಡು ನಿಂತಿತ್ತು. ಅದನ್ನು ಬಿಡಿಸಿ, ಡ್ರಮ್ಮಿನಿಂದ ಒಂದು ಉಂಗುರ ಎತ್ತಿ, ಎಡಗೈಯ ಮೇಲೆ ಅಳತೆ ನೋಡಿದ.

"ಉಂಗುರದ ಬೆರಳೇ ಇಲ್ವಲ್ಲೋ ಗಿಳಿ!"

ಯಾರೋ ಕಿಸಕ್ಕೆಂದು ತಕ್ಷಣ ಬಾಯಿ ಮುಚ್ಚಿಕೊಂಡ. ಮತ್ತೊಬ್ಬ ತಡೆಯಲಾರದೆ ನಕ್ಕ. ಗಿಳಿ ಮತ್ತೆ ಬಗ್ಗಿ ಡ್ರಮ್ಮಿನೊಳಗೆ ತಲೆ ಹುದುಗಿಸಿದ. ಆ ಟೊಳ್ಳಿನೊಳಗೆ, ಎಲ್ಲರ ನಗುವಿಗಿಂತ ದೊಡ್ಡದಾಗಿ, ಭಾವನ ನಗು ಬಂದು ಬಡಿಯುತ್ತಲೇ ಇತ್ತು.