ಸರಪಳಿಯ ವೇಗ

ಆ ಕೋಳಿ ಕಾರ್ಖಾನೆಯಲ್ಲಿ ಅವಳನ್ನು ಎಲ್ಲರೂ ಗಟ್ಟಿಗಿತ್ತಿ ಎಂದೇ ಕರೆಯುತ್ತಿದ್ದರು. ಹೆಸರಿಟ್ಟವನು ಲಾರಿ ಡ್ರೈವರ್. ಒಮ್ಮೆ ಅವನು ಕೋಳಿ ತುಂಬಿದ ಕ್ರೇಟುಗಳನ್ನು ಮೇಲಿನಿಂದಲೇ ದಬದಬ ಎಸೆಯುತ್ತಿದ್ದಾಗ ಅವಳು ಲಾರಿಯ ಹಿಂದೆ ಹೋಗಿ ನಿಂತು, "ಒಳಗಿರೋದು ಇಟ್ಟಿಗೆ ಅಲ್ಲ. ಇಳಿಸಿ ಇಡು. ಅಲ್ಲೀವರೆಗೂ ನಾನು ಇಲ್ಲಿಂದ ಕದಲಲ್ಲ" ಎಂದಿದ್ದಳು. ಅವನು ಗೊಣಗಿಕೊಂಡೇ ಇಳಿಸಿಟ್ಟ. ಬೈಗುಳವಾಗಿ ಹುಟ್ಟಿದ ಹೆಸರು ಬರಬರುತ್ತಾ ಮರ್ಯಾದೆಯ ಹೆಸರಾಯಿತು.

ಅವಳ ಕೆಲಸ ಮೊದಲನೆಯ ಕೋಣೆಯಲ್ಲಿ. ಅಲ್ಲಿ ಉರಿಯುವುದು ನೀಲಿ ದೀಪ ಮಾತ್ರ. ಆ ಮಬ್ಬಿನಲ್ಲಿ ಕೋಳಿಗಳು ಅಷ್ಟಾಗಿ ಗಾಬರಿಯಾಗುವುದಿಲ್ಲ. ಕ್ರೇಟಿನಿಂದ ಕೋಳಿಯನ್ನು ಎತ್ತಿ, ತಲೆಕೆಳಗು ಮಾಡಿ, ಮೇಲೆ ಓಡುತ್ತಿರುವ ಸರಪಳಿಯ ಕೊಕ್ಕೆಗೆ ಅದರ ಎರಡು ಕಾಲುಗಳನ್ನೂ ಸಿಕ್ಕಿಸಬೇಕು. ಸರಪಳಿ ಅದನ್ನು ಗೋಡೆಯ ಕಿಂಡಿಯಾಚೆ ಒಯ್ಯುತ್ತದೆ. ಆಚೆ ಕರೆಂಟು ಹರಿಯುವ ನೀರಿನ ತೊಟ್ಟಿ. ತಲೆ ನೀರಿನಲ್ಲಿ ಅದ್ದಿದ ಕೂಡಲೇ ಕೋಳಿಗೆ ಎಚ್ಚರ ತಪ್ಪುತ್ತದೆ, ಆಮೇಲೆ ಬ್ಲೇಡು. ಕೊಕ್ಕೆಗೆ ಹಾಕುವಾಗ ಎದೆಯ ಮೇಲೆ ಅಂಗೈ ಒತ್ತಿ ಒಂದು ಗಳಿಗೆ ಹಿಡಿದರೆ ರೆಕ್ಕೆಯ ಬಡಿತ ತಣ್ಣಗಾಗುತ್ತದೆ. ಗಟ್ಟಿಗಿತ್ತಿ ಹಾಗೆ ಹಿಡಿಯದೆ ಒಂದನ್ನೂ ಕಳಿಸಿದವಳಲ್ಲ.

ಪಕ್ಕದಲ್ಲಿ ಅವಳ ನಾದಿನಿ ನಿಲ್ಲುತ್ತಿದ್ದಳು. ಗಟ್ಟಿಗಿತ್ತಿ ಮದುವೆಯಾಗಿ ಆ ಮನೆಗೆ ಬಂದಾಗ ಅವಳಿನ್ನೂ ಹಲ್ಲು ಬಿದ್ದ ಹುಡುಗಿ. ಈಗ ಅವಳ ಹೆಗಲಿಗೆ ಹೆಗಲು ಕೊಟ್ಟು ಅದೇ ರಬ್ಬರ್ ಬೂಟು, ಅದೇ ಪ್ಲಾಸ್ಟಿಕ್ ಏಪ್ರನ್ ತೊಡುತ್ತಿದ್ದಳು. ಇಬ್ಬರೂ ಕೆಲಸದ ನಡುವೆ ಮನೆಯ ಮಾತನ್ನೆಲ್ಲ ಆಡಿ ಮುಗಿಸಿಬಿಡುತ್ತಿದ್ದರು.

ದೊಡ್ಡ ಅಂಗಡಿಗಳ ಆರ್ಡರ್ ಬಂದ ಮೇಲೆ ಮ್ಯಾನೇಜರು ಸರಪಳಿಯ ವೇಗ ಹೆಚ್ಚಿಸಿದ. ಮೊದಲು ನಿಂತುಹೋದದ್ದು ಮಾತು. ಆಮೇಲೆ ಎದೆಯ ಮೇಲೆ ಅಂಗೈ ಇಡುವಷ್ಟು ಪುರುಸೊತ್ತೂ ಉಳಿಯಲಿಲ್ಲ. ಸಿಕ್ಕ ಕಾಲು ಹಿಡಿದು ಎಳೆದು ಸಿಕ್ಕಿಸಿದರಾಯಿತು ಎಂಬಂತಾಯಿತು. ಕೋಳಿಗಳು ನೇತಾಡುತ್ತಲೇ ಒದ್ದಾಡಿ ರೆಕ್ಕೆ ಮುರಿದುಕೊಳ್ಳುತ್ತಿದ್ದವು. ಕೆಲವು ಕತ್ತು ಮೇಲೆತ್ತಿ, ನೀರಿಗೆ ತಾಗದೆ, ಎಚ್ಚರವಿದ್ದಂತೆಯೇ ಬ್ಲೇಡಿನ ಕಡೆಗೆ ಸಾಗುತ್ತಿದ್ದವು. ಆ ಕೂಗು ಗೋಡೆ ದಾಟಿ ಬರುತ್ತಿತ್ತು. ಈಚೆ ನಿಂತವರೆಲ್ಲ ಕೇಳಿಸದವರಂತೆ ಬಗ್ಗಿ ಇನ್ನೊಂದು ಕ್ರೇಟಿಗೆ ಕೈ ಹಾಕುತ್ತಿದ್ದರು.

ನಾದಿನಿಯ ಬೆರಳುಗಳು ಬೆಳಗಾಗೆದ್ದರೆ ಮಡಿಸಿದ್ದು ಮಡಿಸಿದಂತೆಯೇ ಇರುತ್ತಿದ್ದವು. ಗಟ್ಟಿಗಿತ್ತಿ ಬಿಸಿನೀರಿನಲ್ಲಿ ಅವಳ ಕೈ ಇಡಿಸಿ ಒಂದೊಂದೇ ಬೆರಳು ಬಿಡಿಸುತ್ತಿದ್ದಳು. ಅತ್ತೆ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿ, "ಇವಳ ಕೈಗಿಂತ ನನ್ನ ಕೈಯೇ ವಾಸಿ. ನಾಳೆಯಿಂದ ನಾನೇ ಹೋಗ್ತೀನಿ ಬಿಡಿ" ಎಂದರು. ನಾದಿನಿ ನಕ್ಕಳು. ಅತ್ತೆ ನಗಲಿಲ್ಲ.

ಒಂದು ದಿನ ಕೊಕ್ಕೆಯೊಂದು ನಾದಿನಿಯ ಗ್ಲೌಸನ್ನು ಕಚ್ಚಿಕೊಂಡಿತು. ಅವಳು ಕೈ ಕಿತ್ತುಕೊಳ್ಳುವಷ್ಟರಲ್ಲಿ ಸರಪಳಿ ಅವಳನ್ನು ತುದಿಗಾಲಿನ ಮೇಲೆ ಕಿಂಡಿಯತ್ತ ಎಳೆದೊಯ್ಯುತ್ತಿತ್ತು. ಗಟ್ಟಿಗಿತ್ತಿ ಕೈಯಲ್ಲಿದ್ದ ಕೋಳಿಯನ್ನು ಕ್ರೇಟಿಗೆ ಬಿಟ್ಟು ಹಾರಿ ಹೋಗಿ, ಗೋಡೆಗುಂಟ ಕಟ್ಟಿದ್ದ ಕೆಂಪು ಹಗ್ಗ ಜಗ್ಗಿದಳು. ಸರಪಳಿ ಕಿರುಗುಟ್ಟಿ ನಿಂತಿತು. ಗ್ಲೌಸ್ ಕತ್ತರಿಸಿ ಕೈ ಬಿಡಿಸಿದಾಗ ಮಣಿಕಟ್ಟು ಆಗಲೇ ಊದಿಕೊಂಡಿತ್ತು.

ಸೂಪರ್‌ವೈಸರ್ ಏದುಸಿರು ಬಿಡುತ್ತಾ ಬಂದ. ನಾದಿನಿಯನ್ನು ಆಸ್ಪತ್ರೆಗೆ ಕಳಿಸಿದ. ಕಳಿಸಿದವನೇ ಸ್ವಿಚ್ಚಿನ ಕಡೆ ನಡೆದ. ಅಷ್ಟರಲ್ಲಿ ಗಟ್ಟಿಗಿತ್ತಿ ಕಿಂಡಿಯಲ್ಲಿ ಬಗ್ಗಿ ನೋಡಿದ್ದಳು. ತೊಟ್ಟಿ ದಾಟಿದ ಕೋಳಿಯೊಂದು ತಲೆಕೆಳಗಾಗಿ ತೂಗುತ್ತಾ, ಕಣ್ಣು ತೆರೆದು ಅತ್ತಿತ್ತ ನೋಡುತ್ತಿತ್ತು. ಅದರ ಮುಂದೆ ಒಂದೇ ಮಾರಿನಲ್ಲಿ ಬ್ಲೇಡು.

"ಸ್ವಿಚ್ಚಿಂದ ಕೈ ತೆಗಿ" ಎಂದಳು.

"ಅಕ್ಕಾ, ಆರ್ಡರ್ ಇದೆ. ನಿಂತಷ್ಟು ಹೊತ್ತೂ ನನ್ನ ತಲೆ ಮೇಲೆ ಬರುತ್ತೆ."

"ನಾನು ನಿಲ್ಲಿಸಿದೆ ಅಂತ ಹೇಳು. ಮೊದಲು ಆ ಕೋಳಿನ ಕೆಳಗಿಳಿಸು. ಆಮೇಲೆ ಹಳೇ ವೇಗಕ್ಕೆ ತಂದು ಶುರು ಮಾಡು."

"ವೇಗದ ಪೆಟ್ಟಿಗೆ ಕೀಲಿ ನನ್ನ ಹತ್ರ ಎಲ್ಲಿದೆ? ಮ್ಯಾನೇಜರ್ ಹತ್ರ ಇರೋದು."

"ಹಾಗಾದ್ರೆ ಅವರನ್ನೇ ಕರಿ."

ಮ್ಯಾನೇಜರು ಬರಲಿಲ್ಲ, ಅವಳನ್ನೇ ಕರೆಸಿಕೊಂಡ. ಅವನು ಕೂಗಾಡುವ ಜಾತಿಯವನಲ್ಲ. ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಮಾತಾಡುವವನು. ಕುರ್ಚಿ ತೋರಿಸಿ ಕೂರಿಸಿದ, ನಾದಿನಿಯ ಕೈ ಬಗ್ಗೆ ವಿಚಾರಿಸಿದ. ಆಮೇಲೆ, "ನಿಮ್ಮಂಥೋರು ಸುಮ್ನೆ ಕೊಕ್ಕೆ ಹತ್ರ ನಿಂತಿರೋದು ಯಾಕೆ? ಆ ಕೋಣೆಗೆ ನೀವೇ ಸೂಪರ್‌ವೈಸರ್ ಆಗಿ. ಕೀಲಿನೂ ನಿಮ್ಮ ಹತ್ರಾನೇ ಇರಲಿ" ಎಂದ.

ಬಾಯಿ ಮುಚ್ಚಿಸುವ ಉಪಾಯ ಎಂದು ಅವಳಿಗೆ ತಿಳಿಯದೆ ಇರಲಿಲ್ಲ.

"ಕೀಲಿ ನನ್ನ ಹತ್ರ ಇದ್ರೆ, ತಿರುಗಿಸೋಳೂ ನಾನೇ ತಾನೆ ಸಾರ್?"

ಅವನು ನಕ್ಕು, "ಮತ್ತಿನ್ಯಾರು?" ಎಂದ.

ಹಳೆಯ ಸೂಪರ್‌ವೈಸರನ್ನು ಪ್ಯಾಕಿಂಗ್ ವಿಭಾಗಕ್ಕೆ ಕಳಿಸಿದರು. ಅವನಿಗಂತೂ ತಲೆಯ ಮೇಲಿನ ಬಂಡೆ ಇಳಿದಷ್ಟು ಸಂತೋಷ. ಗಟ್ಟಿಗಿತ್ತಿ ಮೊದಲನೆಯ ದಿನ ಬೆಳಗ್ಗೆ ಬೂಟು ಹಾಕಿಕೊಂಡು ಬಂದವಳೇ, ಯಾರಿಗೂ ಏನೂ ಹೇಳದೆ, ಪೆಟ್ಟಿಗೆ ತೆರೆದು ವೇಗವನ್ನು ಹಿಂದಿನ ಗುರುತಿಗೆ ಇಳಿಸಿದಳು. ಸಾಲಿನಲ್ಲಿದ್ದವರು ಮುಖ ಮುಖ ನೋಡಿಕೊಂಡರು. ಸ್ವಲ್ಪ ಹೊತ್ತಿಗೆ ಯಾರೋ ತಮ್ಮ ಮಗಳ ಶಾಲೆಯ ಸುದ್ದಿ ಎತ್ತಿದರು.

ಊಟದ ಬೆಲ್ಲಿಗೆ ಮುಂಚೆಯೇ ಮ್ಯಾನೇಜರು ಇಳಿದು ಬಂದ.

"ಇದೇನು ಮಾಡಿದ್ದೀರಿ? ಆರ್ಡರ್ ಯಾರು ಪೂರೈಸ್ತಾರೆ?"

"ಇನ್ನೊಂದು ಪಾಳಿ ಜನ ತಗೊಳ್ಳಿ ಸಾರ್. ಇಷ್ಟು ಜನರ ಕೈಲಿ ಇಷ್ಟೇ ಆಗೋದು. ಇದಕ್ಕಿಂತ ಜೋರಾದ್ರೆ ಇವರ ಕೈ ಮುರಿಯುತ್ತೆ, ಅವು ಎಚ್ಚರ ಇದ್ದ ಹಾಗೇ ಸಾಯ್ತವೆ. ಎರಡೂ ನನ್ನ ಕಣ್ಣೆದುರು ಆಗಬಾರದು."

"ನಾನು ಕೊಟ್ಟ ಅಧಿಕಾರ ನನಗೇ ತಿರುಗಿಸ್ತಾ ಇದ್ದೀರಾ?"

"ವಾಪಸ್ ಬೇಕಿದ್ರೆ ತಗೊಳ್ಳಿ" ಎಂದು ಅವಳು ಕೀಲಿಯನ್ನು ಅಂಗೈಯ ಮೇಲಿಟ್ಟು ಚಾಚಿದಳು. "ಎಲ್ಲರ ಎದುರೇ ತಗೊಳ್ಳಿ. ನಾನು ಬೇಜಾರು ಮಾಡ್ಕೊಳ್ಳಲ್ಲ."

ಅಷ್ಟರಲ್ಲಿ ಸಾಲಿನ ಕೊನೆಯಲ್ಲಿದ್ದ ಹಿರಿಯ ಹೆಂಗಸು ಕೆಂಪು ಹಗ್ಗ ಜಗ್ಗಿದಳು. ಸರಪಳಿ ನಿಂತಿತು. ಒಬ್ಬೊಬ್ಬರಾಗಿ ಗ್ಲೌಸ್ ಕಳಚಿ ಏಪ್ರನ್ನಿನ ಜೇಬಿಗೆ ಸಿಕ್ಕಿಸಿಕೊಂಡು ನಿಂತರು. ಗಟ್ಟಿಗಿತ್ತಿಗೂ ಇದು ಅನಿರೀಕ್ಷಿತ. ಆದರೂ ಚಾಚಿದ ಕೈಯನ್ನು ಅಲುಗಿಸಲಿಲ್ಲ. ಮ್ಯಾನೇಜರು ಕೀಲಿಯನ್ನು ನೋಡಿದ, ನಿಂತ ಜನರನ್ನು ನೋಡಿದ, ಕೊಕ್ಕೆಯಲ್ಲಿ ತೂಗುತ್ತಿದ್ದ ಕೋಳಿಗಳನ್ನೂ ಮೊದಲ ಸಲವೇನೋ ಎಂಬಂತೆ ನೋಡಿದ.

"ಇವತ್ತೊಂದು ದಿನ ಹೀಗೇ ನಡೀಲಿ" ಎಂದು ಮೆಟ್ಟಿಲು ಹತ್ತಿ ಹೋದ.

ಆ ಇವತ್ತು ಮುಗಿಯಲೇ ಇಲ್ಲ. ತಿಂಗಳು ಕಳೆಯುವಷ್ಟರಲ್ಲಿ ಸಂಜೆಯ ಪಾಳಿಗೆ ಹೊಸ ಜನ ಬಂದರು. ತೊಟ್ಟಿಯ ಆಚೆ ಒಬ್ಬರನ್ನು ನಿಲ್ಲಿಸಿ, ಎಚ್ಚರವಿರುವ ಕೋಳಿ ಬಂದರೆ ಸರಪಳಿ ನಿಲ್ಲಿಸಬೇಕು ಎಂದು ಗಟ್ಟಿಗಿತ್ತಿಯೇ ಕಟ್ಟಪ್ಪಣೆ ಮಾಡಿದಳು.

ನಾದಿನಿಯ ಮಣಿಕಟ್ಟು ವಾಸಿಯಾಯಿತು. ಒಂದು ಸಂಜೆ ಇಬ್ಬರೂ ತರಕಾರಿ ಹೆಚ್ಚುತ್ತಿದ್ದಾಗ ಅವಳು, "ಅತ್ತಿಗೆ, ನಾನು ಇನ್ನು ಬರಲ್ಲ" ಎಂದಳು.

"ಯಾಕೆ? ಕೈ ಸರಿಹೋಗಿದೆಯಲ್ಲ. ಸರಪಳಿನೂ ನಿಧಾನ ಆಗಿದೆ."

"ನಿಧಾನಕ್ಕೆ ಹೋದ್ರೂ ಆ ಕಡೆಗೇ ತಾನೆ ಹೋಗೋದು ಅವು?"

ಗಟ್ಟಿಗಿತ್ತಿ ಚಾಕು ಕೆಳಗಿಟ್ಟಳು.

"ಹೌದು ಕಣೇ" ಎಂದಳು. "ಅದನ್ನ ನಾನು ಇಲ್ಲ ಅನ್ನಲ್ಲ. ಆದರೆ ನಾನೂ ಬಿಟ್ಟರೆ ಆ ಕೀಲಿ ಯಾರ ಕೈಗೆ ಹೋಗುತ್ತೋ."

"ಅದಕ್ಕೇ ನೀವು ಇರಿ. ನಿಮ್ಮನ್ನ ಬಿಡಿ ಅಂತಿಲ್ಲ. ನನ್ನ ಕೈಲಿ ಆಗಲ್ಲ ಅಷ್ಟೆ."

ಒಲೆಯ ಮುಂದಿದ್ದ ಅತ್ತೆ ತಿರುಗದೆಯೇ, "ಒಬ್ಬಳು ಇರಲಿ, ಒಬ್ಬಳು ಹೋಗಲಿ. ತರಕಾರಿ ಮಾತ್ರ ಇಬ್ಬರೂ ಹೆಚ್ಚಿ ಮುಗಿಸಿ" ಎಂದರು.

ನಾದಿನಿ ಸಸಿ ಮಾರುವ ನರ್ಸರಿಯಲ್ಲಿ ಕೆಲಸ ಹಿಡಿದಳು. ಮೊದಲನೆಯ ದಿನ ಇಬ್ಬರೂ ಜೊತೆಯಲ್ಲೇ ಮನೆ ಬಿಟ್ಟು ಬಸ್ ನಿಲ್ದಾಣದವರೆಗೆ ನಡೆದರು. ನಾದಿನಿಯ ಬಸ್ಸು ಮೊದಲು ಬಂತು. ಅವಳು ಕಿಟಕಿಯಿಂದ ಕೈ ಬೀಸಿದಳು. ಬೆರಳು ಐದೂ ನೆಟ್ಟಗೆ ಅಗಲವಾಗಿ ತೆರೆದಿದ್ದವು. ಗಟ್ಟಿಗಿತ್ತಿ ಆ ಬಸ್ಸು ತಿರುವಿನಲ್ಲಿ ಮರೆಯಾಗುವವರೆಗೂ ನೋಡಿ, ತನ್ನ ಬಸ್ಸು ಹತ್ತಿದಳು. ಸಾಲಿನವರಿಗೆ ಕೆಲಸದ ನಡುವೆ ಕೂತು ಸುಧಾರಿಸಿಕೊಳ್ಳಲು ಬೆಂಚು ಬೇಕು ಎಂದು ಇವತ್ತು ಮ್ಯಾನೇಜರನ್ನು ಕೇಳುವುದಿತ್ತು. ಅವನು ಏನನ್ನುತ್ತಾನೆ, ತಾನು ಏನನ್ನಬೇಕು ಎಂದು ದಾರಿಯುದ್ದಕ್ಕೂ ಜೋಡಿಸಿಕೊಳ್ಳುತ್ತಾ ಹೋದಳು.