ಟಿವಿ ಬಂದ ಮೇಲೆ ಮೆತ್ತಗಾದ ರೊಟ್ಟಿ

ಬಿಟಿಎಂ ಲೇಔಟಿನ ಮೌನೇಶನ ಖಾನಾವಳಿಯಲ್ಲಿ ಶಿವವ್ವನ ಕಡಕ್ ರೊಟ್ಟಿ ಮುರಿದರೆ ತಿಲಕ್ ನಗರದ ನಾಯಿಗಳು ಎದ್ದು ಬೊಗಳುತ್ತಿದ್ದವು. ನಂಬದಿದ್ದರೆ ಆ ನಾಯಿಗಳನ್ನೇ ಕೇಳಿ. ಹನ್ನೊಂದು ವರ್ಷ ಆ ಸದ್ದೇ ಅವಳ ಮಾನ, ಅದೇ ಅನ್ನ. ಒಲೆಯ ಕಡೆ ಮುಖ ಮಾಡಿ ಕೂತೇ, ಯಾವ ಟೇಬಲ್ಲಿನಲ್ಲಿ ಎಷ್ಟನೇ ರೊಟ್ಟಿ ಮುರಿಯಿತೆಂದು ಹೇಳಿಬಿಡುತ್ತಿದ್ದಳು.

2003ರ ವರ್ಲ್ಡ್ ಕಪ್ಪಿಗೆ ಮೌನೇಶ ಟಿವಿ ತಂದ. ಬೀರುವಿನಷ್ಟು ಅಗಲದ್ದು, ಜೊತೆಗೆ ಗಣೇಶನ ಪೆಂಡಾಲಿಗೆ ಸಾಲುವಂಥ ಎರಡು ಸ್ಪೀಕರು. ಬೌಂಡರಿ ಹೋದರೆ ಎಣ್ಣೆಗಾಯಿ ಬಟ್ಟಲು ತಾನೇ ನಡೆದು ಪಕ್ಕದ ಟೇಬಲ್ಲು ಸೇರುತ್ತಿತ್ತು.

ಮೂರನೇ ದಿನ, ದಿನಾ ಆರು ರೊಟ್ಟಿ ಇಳಿಸುವ ಬ್ಯಾಂಕಿನ ರವಿಕುಮಾರ ಕೂಗಿದ: "ಏನ್ ಮೌನೇಶಣ್ಣ, ರೊಟ್ಟಿ ಮೆತ್ತಗಾಗಿದೆ! ಶಿವವ್ವಂಗೆ ವಯಸ್ಸಾಯ್ತಾ?"

ಶಿವವ್ವ ಬಂದು ಅದೇ ರೊಟ್ಟಿಯನ್ನು ತನ್ನ ಕಿವಿಯ ಹತ್ತಿರ ಮುರಿದಳು. "ಕಡಕ್ ಐತಲ್ಲೋ ಯಪ್ಪಾ!"

"ಬಾಯಲ್ಲಿ ಮೆತ್ತಗಿದೆ ಆಂಟಿ. ತಿನ್ನೋನು ನಾನಾ, ನೀವಾ?"

ಮರುದಿನ ಇನ್ನಷ್ಟು ಒಣಗಿಸಿದಳು. ಕರ್ರಗಾಗುವಷ್ಟು ಸುಟ್ಟಳು. ದೂರು ಹತ್ತಾಯಿತು. ಕೊನೆಗೆ ಮೌನೇಶನಿಗೆ ಹೇಳಿದಳು: "ತಮ್ಮಾ, ಆ ಟಿವಿ ಸದ್ದು ಬಂದ್ ಮಾಡು. ಮಂದಿ ರೊಟ್ಟೀನ ಕಿವೀಲೆನೂ ತಿಂತಾರ. ಸದ್ದು ಕೇಳ್ಸಲಿಲ್ಲಂದ್ರ ಬಾಯಿಗೂ ಮೆತ್ತಗಽ."

ಖಾನಾವಳಿಯೇ ನಕ್ಕಿತು. "ಹಂಗಾದ್ರೆ ಕಿವಿಗೊಂದು ಸ್ವಲ್ಪ ಚಟ್ನಿ ಹಾಕಮ್ಮ!" ಅಂದ ರವಿಕುಮಾರ.

ಮೌನೇಶ ನಗಲಿಲ್ಲ. "ನಾಳೆಯಿಂದ ರೊಟ್ಟಿ ಬಡಿಯಾಕ ಭಾಗ್ಯಜ್ಯೋತಿ ಬರ್ತಾಳ. ನೀ ಇನ್ನ ಮನ್ಯಾಗ ಆರಾಮಿರು ಬೇ."

ಆ ಸಂಜೆ ಶಿವವ್ವ ನಾಳೆಯ ಎಂಬತ್ತು ರೊಟ್ಟಿ ಬಡಿದು ಬುಟ್ಟಿಗೆ ಜೋಡಿಸಿಯೇ ಹೋದಳು. ಮರುದಿನ ಮಧ್ಯಾಹ್ನ ತನ್ನ ಹಂಚು ಒಯ್ಯಲು ಬಂದಾಗ ಅದೇ ಬುಟ್ಟಿಯಿಂದ ಬಡಿಸುತ್ತಿದ್ದರು. ಭಾಗ್ಯಜ್ಯೋತಿ ಇನ್ನೂ ಹಿಟ್ಟನ್ನೇ ಮುಟ್ಟಿರಲಿಲ್ಲ.

ಕರೆಂಟು ಹೋಯಿತು. ಟಿವಿ ಬಾಯಿ ಮುಚ್ಚಿತು. ಟೇಬಲ್ಲಿನಿಂದ ಟೇಬಲ್ಲಿಗೆ ಕಟ್, ಕಟ್, ಕಟ್!

"ಆಹಾ! ಸಖತ್!" ರವಿಕುಮಾರ ಕಣ್ಣು ಮುಚ್ಚಿದ. "ರೊಟ್ಟಿ ಅಂದ್ರೆ ಇದು ಭಾಗ್ಯಕ್ಕ!"

ಭಾಗ್ಯಜ್ಯೋತಿ ಮೌನೇಶನ ಮುಖ ನೋಡಿದಳು. ಮೌನೇಶ ಬುಟ್ಟಿ ನೋಡಿದ, ಹಂಚು ಹಿಡಿದು ನಿಂತ ಶಿವವ್ವನನ್ನು ನೋಡಿದ. "ಹೌದ್ರೀ, ಕೈ ಚಲೋ ಐತಿ ಅಕೀದು," ಅಂದ.

"ಅವು ನಾ ಬಡದಿದ್ದು..." ಶಿವವ್ವ ಬಾಯಿ ತೆರೆಯುವುದಕ್ಕೂ ಕರೆಂಟು ಬರುವುದಕ್ಕೂ ಸರಿಹೋಯಿತು. ಸಿಕ್ಸರ್! ಸ್ಪೀಕರಿನ ಗದ್ದಲದಲ್ಲಿ ಅವಳ ಮಾತು ಅವಳಿಗೇ ಕೇಳಲಿಲ್ಲ.

ರವಿಕುಮಾರ ಅದೇ ರೊಟ್ಟಿಯ ಉಳಿದರ್ಧ ಕಚ್ಚಿ ಮುಖ ಸಿಂಡರಿಸಿದ. "ಥೂ, ಇದೊಂದು ಮಾತ್ರ ಮೆತ್ತಗೆ. ಆ ಮುದುಕಿ ಮಾಡಿಟ್ಟಿದ್ದು ಉಳ್ಕೊಂಡಿರ್ಬೇಕು!"