ಹಿಮದ ಮೇಲಿನ ಸುಂಕ

1987ರ ಏಪ್ರಿಲ್ 6, ಸೋಮವಾರ. ಎನೋಕ್ ಟನಿಕ್ಲಿಫ್ ತನ್ನ ಹಿಂಬಾಗಿಲಿಗೆ ಬೀಗ ಹಾಕಿ, ಕಾಲುವೆಯ ದಂಡೆಗುಂಟ ನೂರ ಹದಿನಾಲ್ಕು ಹೆಜ್ಜೆ ನಡೆದು, ಲೆಟಿ ಬ್ಲ್ಯಾಗ್‌ಳ ಅಡುಗೆಮನೆಯ ಬಾಗಿಲು ತಟ್ಟಿದ. ಹಿಂದಿನ ವರ್ಷ ಆ ಹೆಜ್ಜೆಗಳು ನೂರ ಎಂಟಿದ್ದವು. ದೂರ ಹೆಚ್ಚಿರಲಿಲ್ಲ, ಹೆಜ್ಜೆ ಗಿಡ್ಡವಾಗಿತ್ತು.

ಆತನಿಗೆ ಎಪ್ಪತ್ತೆಂಟು, ಆಕೆಗೆ ಎಪ್ಪತ್ತೊಂದು. ಆತ ಮೂವತ್ತೊಂದು ವರ್ಷ ಈ ಕಾಲುವೆಯ ಸುಂಕದ ಕಟ್ಟೆಯಲ್ಲಿ ಗುಮಾಸ್ತನಾಗಿದ್ದವನು. ಆಕೆ ಅದೇ ಕಟ್ಟೆಯ ಮುಂದೆ ಕಲ್ಲಿದ್ದಲಿನ ದೋಣಿ ನಡೆಸಿಕೊಂಡು ಹೋದವಳು. ಒಂದೂರಿನಲ್ಲಿ ಎರಡು ವಾರ ನಿಲ್ಲದ ಬಾಳಿನಲ್ಲಿ ಆಕೆಗೆ ಅಕ್ಷರ ಕಲಿಯಲು ಬಿಡುವಾಗಿರಲಿಲ್ಲ. ಆದ್ದರಿಂದ ವಾರವಿಡೀ ಬಂದ ಕಾಗದಗಳನ್ನು ಸೋಮವಾರ ಆತ ಓದಿ ಹೇಳುವನು. ಆಕೆ ಚಹಾ ಕೊಡುವಳು. ಈ ಏರ್ಪಾಡು ಶುರುವಾಗಿ ಇಪ್ಪತ್ತು ವರ್ಷವಾಗಿತ್ತು.

ಆ ದಿನ ಬಂದಿದ್ದುದು ಒಂದೇ ಕಾಗದ, ಕಾಲುವೆ ಪ್ರಾಧಿಕಾರದ್ದು. ಎನೋಕ್ ಅದನ್ನು ಮೊದಲು ಮನಸ್ಸಿನಲ್ಲೇ ಓದಿಕೊಂಡ. ಹಾಗೆ ಎಂದೂ ಮಾಡಿದವನಲ್ಲ.

"ಯಾರು ಸತ್ರು?" ಎಂದಳು ಲೆಟಿ.

"ಯಾರೂ ಇಲ್ಲ, ಮಿಸೆಸ್ ಬ್ಲ್ಯಾಗ್. ನಿಮ್ಮ ಲಿನೆಟ್‌ಗೆ ನಿಲುಗಡೆ ಶುಲ್ಕ ಹಾಕಿದ್ದಾರೆ. ಎಪ್ಪತ್ತಡಿ ಉದ್ದ, ಅಡಿಗೆ ಎರಡು ಪೌಂಡ್ ಅರವತ್ತು. ವರ್ಷಕ್ಕೆ ನೂರ ಎಂಬತ್ತೆರಡು ಪೌಂಡ್."

ಲಿನೆಟ್ ಎಂಬುದು ತೋಟದ ಅಂಚಿನಲ್ಲಿ ಕಟ್ಟಿದ್ದ ಕಬ್ಬಿಣದ ಒಡಲಿನ ಹಳೆಯ ದೋಣಿ. ಅದಕ್ಕೆ ಯಂತ್ರವಿಲ್ಲ, ಕುದುರೆಯೋ ಮನುಷ್ಯರೋ ಎಳೆಯಬೇಕು. ಲೆಟಿ ಮದುವೆಯಾಗಿ ಕಾಲಿಟ್ಟದ್ದು ಅದರೊಳಕ್ಕೆ. ಮೂರು ಮಕ್ಕಳನ್ನು ಹೆತ್ತದ್ದು ಅದರ ಹಿಂಬದಿಯ ಪುಟ್ಟ ಕೋಣೆಯಲ್ಲಿ. ಗಂಡ ಜೋನಾ ಕಣ್ಣು ಮುಚ್ಚಿದ್ದೂ ಅಲ್ಲೇ.

"ನನ್ನ ತೋಟ, ನನ್ನ ದಂಡೆ, ನಾನೇ ಹೊಡೆದ ಗೂಟ. ನಡುವೆ ಇವರದ್ದೇನು?"

"ನೀರು."

"ಓಹೋ! ಇವರಪ್ಪ ಕೊಡದಲ್ಲಿ ಹೊತ್ತು ತಂದು ಸುರಿದಿದ್ದನಾ?"

"ಈ ತಿಂಗಳು ಮೂವತ್ತರೊಳಗೆ ಕಟ್ಟಬೇಕು. ಇಲ್ಲದಿದ್ದರೆ ದೋಣಿ ತೆಗೆಸ್ತಾರಂತೆ."

ಲೆಟಿಯ ಪಿಂಚಣಿ ವಾರಕ್ಕೆ ಮೂವತ್ತೊಂಬತ್ತೂವರೆ ಪೌಂಡ್. ನಾಲ್ಕೂವರೆ ವಾರ ಉಪವಾಸವಿದ್ದರೂ ಹಣ ಸಾಲದು ಎಂದು ಎನೋಕ್ ಲೆಕ್ಕ ಹಾಕಿದ್ದ. ಲೆಟಿ ಲೆಕ್ಕ ಹಾಕದೆಯೇ ಅದೇ ಉತ್ತರಕ್ಕೆ ಬಂದಳು.

"ನನ್ನ ಮಗಳು ಹ್ಯಾಟಿಗೆ ಒಂದು ಕಾಗದ ಬರೆದುಬಿಡು. ಅವಳ ಗಂಡನಿಗೆ ಕೋವೆಂಟ್ರಿ ಕಡೆ ದೋಣಿಕಟ್ಟೆ ಇದೆಯಲ್ಲ, ಜಾಗ ಕೊಡ್ತಾನೆ. ಲಿನೆಟ್ ಹೋದ ಕಡೆ ನಾನು. ಅದನ್ನ ಬಿಟ್ಟು ಈ ಮನೇಲಿ ಒಂದು ದಿನಾನೂ ಇರಲ್ಲ."

ಎನೋಕ್ ಬಟ್ಟಲನ್ನು ಕೆಳಗಿಟ್ಟ. ಅರ್ಧ ಚಹಾ ಉಳಿದಿತ್ತು. ಕೋವೆಂಟ್ರಿ ಐವತ್ತು ಮೈಲಿ. ಅದನ್ನು ಹೆಜ್ಜೆಗೆ ಪರಿವರ್ತಿಸುವ ಮನಸ್ಸಾಗಲಿಲ್ಲ.

"ಆ ಹಣ ನಾನು ಕೊಟ್ಟರೆ?" ಎಂದ.

"ನೀನಾ?" ಲೆಟಿ ಸೊಂಟದ ಮೇಲೆ ಕೈಯಿಟ್ಟಳು. "ಹಿಮಕ್ಕೂ ಸುಂಕ ಹಾಕಿದ ಮಹಾನುಭಾವ! ನಿನ್ನ ದುಡ್ಡು ಮುಟ್ಟಿದರೆ ನನ್ನ ಜೋನಾ ಗೋರಿಯಿಂದ ಎದ್ದು ಬರ್ತಾನೆ."

ಈ ಮಾತು ಹಳೆಯದು. 1950ರ ಡಿಸೆಂಬರ್ 14ರಂದು ಜೋನಾ ಮತ್ತು ಲೆಟಿ ಲಿನೆಟ್‌ನಲ್ಲಿ ಕಲ್ಲಿದ್ದಲು ತುಂಬಿಕೊಂಡು ಸುಂಕದ ಕಟ್ಟೆಗೆ ಬಂದಿದ್ದರು. ಗಣಿಯ ಚೀಟಿ ಇಪ್ಪತ್ತೆರಡು ಟನ್ ಎಂದಿತ್ತು. ರಾತ್ರಿಯಿಡೀ ಹಿಮ ಬಿದ್ದು ಹೊರೆಯ ಮೇಲೆ ಹೊದಿಸಿದ ತಾಡಪಾಲಿನ ಮೇಲೆ ಗೇಣು ದಪ್ಪ ಕೂತಿತ್ತು. ಎನೋಕ್ ಅಳತೆಗೋಲನ್ನು ದೋಣಿಯ ಮಗ್ಗುಲಿಗೆ ನಾಲ್ಕು ಕಡೆ ಹಿಡಿದ. ನೀರಿನ ಮಟ್ಟದಿಂದ ಮೇಲೆ ದೋಣಿಯ ಗೋಡೆ ಎಷ್ಟು ಇಂಚು ಒಣಗಿದೆ ಎಂದು ನೋಡಿ, ನಾಲ್ಕರ ಸರಾಸರಿ ತೆಗೆದು, ಆ ದೋಣಿಗೆಂದೇ ಮಾಡಿಟ್ಟ ಪಟ್ಟಿಯಲ್ಲಿ ಹುಡುಕಿದರೆ ಒಳಗಿನ ಹೊರೆ ಎಷ್ಟೆಂದು ಸಿಗುತ್ತದೆ. ಸಿಕ್ಕಿದ್ದು ಇಪ್ಪತ್ತೆರಡು ಟನ್ನಿನ ಮೇಲೆ ಎಂಟು ಹಂಡರ್‌ವೇಟ್. ಇಪ್ಪತ್ತು ಹಂಡರ್‌ವೇಟ್ ಸೇರಿದರೆ ಒಂದು ಟನ್. ಅದು ಹಿಮದ ತೂಕ, ಗುಡಿಸಿ ಹಾಕುತ್ತೇನೆ ಎಂದು ಜೋನಾ ಅಂಗಲಾಚಿದ. ಹಿಂದೆ ಆರು ದೋಣಿಗಳು ಕಾಯುತ್ತಿದ್ದವು. ದೋಣಿ ಎಷ್ಟು ಮುಳುಗಿದೆಯೋ ಅಷ್ಟೇ ಹೊರೆ, ಇದು ನಿಯಮ ಎಂದು ಎನೋಕ್ ಆರು ಪೆನ್ನಿ ಹೆಚ್ಚಿಗೆ ವಸೂಲು ಮಾಡಿದ. ಆ ನಿಯಮ ಸರಿಯೆಂದು ಮೂವತ್ತಾರು ವರ್ಷ ವಾದಿಸುತ್ತಲೂ ಬಂದ.

ಆತ ಹ್ಯಾಟಿಗೆ ಕಾಗದ ಬರೆಯಲಿಲ್ಲ. ಮನೆಗೆ ಹೋಗಿ, ಕಾಲುವೆ ತೋಡಲು 1794ರಲ್ಲಿ ಮಾಡಿದ ಶಾಸನದ ಪ್ರತಿಯನ್ನು ತೆಗೆದು ಮೊದಲ ಪುಟದಿಂದ ಓದತೊಡಗಿದ. ಗುರುವಾರ ಮಧ್ಯಾಹ್ನ ಅರವತ್ತೊಂದನೆಯ ಕಲಮಿಗೆ ಬಂದ. ಕಾಲುವೆಗೆ ತಾಗಿದ ನೆಲವುಳ್ಳವರು ಆ ನೆಲಕ್ಕೆ ಗೊಬ್ಬರ ತರಲು ಒಂದು ದೋಣಿ ಇಟ್ಟುಕೊಳ್ಳಬಹುದು. ಅದು ಲಾಕ್, ಅಂದರೆ ದೋಣಿಯನ್ನು ನೀರಿನ ಒಂದು ಮಟ್ಟದಿಂದ ಇನ್ನೊಂದಕ್ಕೆ ಏರಿಸಿ ಇಳಿಸುವ ಕಟ್ಟೆಬಾಗಿಲು, ದಾಟದೆ, ವರ್ಷಕ್ಕೊಮ್ಮೆ ಒಂದೇ ಸಲಕ್ಕೆ ಎರಡು ಟನ್ನಿಗೆ ಕಡಿಮೆಯಿಲ್ಲದ ಗೊಬ್ಬರ ತಂದರೆ, ಸುಂಕವಾಗಲಿ ದಂಡೆಯ ಬಾಡಿಗೆಯಾಗಲಿ ಇಲ್ಲ. ಆ ಕಲಮನ್ನು ಯಾರೂ ರದ್ದು ಮಾಡಿರಲಿಲ್ಲ. ಎನೋಕ್ ಪ್ರಾಧಿಕಾರಕ್ಕೆ ಬರೆದ. 28ರಂದು ಪೀಕ್ ಎಂಬ ಅಧಿಕಾರಿ ಬಂದು ನೋಡುವರು, ಹೊರೆಯನ್ನು ದೋಣಿಯ ಪಟ್ಟಿಯ ಪ್ರಕಾರ ರುಜುವಾತು ಮಾಡತಕ್ಕದ್ದು ಎಂದು ಉತ್ತರ ಬಂತು.

"ಸಗಣಿ?" ಲೆಟಿ ನಕ್ಕು ನಕ್ಕು ಕುರ್ಚಿಯಲ್ಲಿ ಕುಸಿದಳು. "ಜೀವಮಾನವೆಲ್ಲ ಕಲ್ಲಿದ್ದಲು ಹೊತ್ತವಳು ಕೊನೆಗಾಲಕ್ಕೆ ಸಗಣಿ ಹೊರಲಾ?"

"ಅದು ಎಂಥ ಸರಕು ಅನ್ನೋದು ನನಗೆ ಸಂಬಂಧವಿಲ್ಲ. ಎರಡು ಟನ್ ಇರಬೇಕು."

ಡ್ಯಾಬ್ಸ್ ಎಂಬ ರೈತನ ಕೊಟ್ಟಿಗೆ ಅರ್ಧ ಮೈಲಿ ಆಚೆ ಅದೇ ದಂಡೆಯಲ್ಲಿತ್ತು. ನಡುವೆ ಲಾಕ್ ಇರಲಿಲ್ಲ. 28ರ ಬೆಳಿಗ್ಗೆ ಡ್ಯಾಬ್ಸ್ ಮತ್ತು ಅವನ ಹೆಂಡತಿ ಮರಿನ್ ತಿಪ್ಪೆಯಿಂದ ಕೈಗಾಡಿಯಲ್ಲಿ ಗೊಬ್ಬರ ತಂದು ಲಿನೆಟ್‌ಗೆ ಸುರಿದರು. ನಲವತ್ತೊಂದು ಗಾಡಿ. ಎನೋಕ್ ಎಣಿಸಿದ. ಗಾಡಿಗೆ ಒಂದು ಹಂಡರ್‌ವೇಟ್ ಹಿಡಿದರೆ ಎರಡು ಟನ್ ದಾಟುತ್ತಿತ್ತು. ಆದರೆ ಕೈಗಾಡಿ ಸಾಕ್ಷಿಯಲ್ಲ, ಪಟ್ಟಿ ಸಾಕ್ಷಿ. ಬಳಿಕ ಗಂಡಹೆಂಡಿರು ಹೆಗಲಿಗೆ ಹಗ್ಗ ಹಾಕಿ ದಂಡೆಯ ಮೇಲಿಂದ ಎಳೆದರು. ಲೆಟಿ ಇಪ್ಪತ್ತೈದು ವರ್ಷದ ಮೇಲೆ ಚುಕ್ಕಾಣಿ ಹಿಡಿದು ನಿಂತಳು. ತಲೆಗೆ ಹೂವಿನ ಕುಲಾವಿ ಕಟ್ಟಿಕೊಂಡಿದ್ದಳು.

"ಎಳಿ ಡ್ಯಾಬ್ಸ್, ಎಳಿ! ನಮ್ಮ ಕತ್ತೆ ನಿನಗಿಂತ ಜೋರಿತ್ತು!"

"ಕತ್ತೆಗೆ ಹುಲ್ಲಾದರೂ ಹಾಕ್ತಿದ್ದೆ, ಅಜ್ಜಿ!"

ಎನೋಕ್ ಪಕ್ಕದಲ್ಲಿ ಅಳತೆಗೋಲು ಹಿಡಿದು ನಡೆದ. ಕುಲಾವಿಯ ಕಡೆ ನೋಡಿದ್ದರಿಂದ ಹೆಜ್ಜೆಯ ಎಣಿಕೆ ಎರಡು ಸಲ ತಪ್ಪಿತು.

ಪೀಕ್ ಹನ್ನೊಂದಕ್ಕೆ ಸರಿಯಾಗಿ ಬಂದಿದ್ದ. ಮರ್ಯಾದಸ್ಥ ಮನುಷ್ಯ, ಹೊಸ ಬೂಟು, ಮೂಗಿನ ಮೇಲೆ ಕರವಸ್ತ್ರ. ಪ್ರಾಧಿಕಾರದಲ್ಲಿ ಈಗ ಒಂದೂ ಅಳತೆಗೋಲು ಉಳಿದಿಲ್ಲವೆಂದು ಒಪ್ಪಿಕೊಂಡು, ಎನೋಕ್‌ನ ಗೋಲಿನ ಮೇಲೆ ತಮ್ಮದೇ ಹಳೆಯ ಮುದ್ರೆ ಇರುವುದನ್ನು ನೋಡಿ ತೃಪ್ತನಾದ. ಎಲ್ಲರೂ ದೋಣಿಯಿಂದ ಇಳಿದರು. ಎನೋಕ್ ಮೊಣಕಾಲೂರಿ ಅಳೆದ. ಮೂವತ್ತೈದು ಇಂಚಿನ ಮೇಲೆ ನಾಲ್ಕು ದಶಾಂಶ. ಎಂಟು ದಶಾಂಶ. ಐದು. ಏಳು. ಸರಾಸರಿ ಮೂವತ್ತೈದರ ಮೇಲೆ ಆರು. ಆತ ಜೋಪಾನ ಮಾಡಿಟ್ಟಿದ್ದ ಲಿನೆಟ್‌ನ ಪಟ್ಟಿಯಲ್ಲಿ ಎರಡು ಟನ್ನಿಗೆ ಮೂವತ್ತೈದೂವರೆ ಎಂದಿತ್ತು. ದೋಣಿ ಒಂದು ಇಂಚಿನ ಹತ್ತನೆಯ ಒಂದು ಭಾಗದಷ್ಟು ಕಡಿಮೆ ಮುಳುಗಿತ್ತು.

ಎನೋಕ್ ಮತ್ತೊಮ್ಮೆ ಅಳೆದ. ಮತ್ತೆ ಅಷ್ಟೇ.

"ಎಷ್ಟು, ಟನಿಕ್ಲಿಫ್ ಅವರೇ?" ಎಂದ ಪೀಕ್.

ಲೆಟಿ ಆತನ ಮುಖವನ್ನೇ ನೋಡುತ್ತಿದ್ದಳು. ಎರಡು ಎಂಬ ಒಂದು ಮಾತು ಸಾಕಿತ್ತು. ಪೀಕ್‌ಗೆ ಗೋಲು ಓದಲು ಬರುತ್ತಿರಲಿಲ್ಲ.

"ಒಂದು ಟನ್, ಹದಿನೆಂಟು ಹಂಡರ್‌ವೇಟ್," ಎಂದ ಎನೋಕ್. "ಎರಡು ಹಂಡರ್‌ವೇಟ್ ಕಡಿಮೆ."

ಡ್ಯಾಬ್ಸ್ ಹಗ್ಗವನ್ನು ನೆಲಕ್ಕೆ ಎಸೆದ. ಪೀಕ್ ನಿಜವಾಗಿಯೂ ನೊಂದವನಂತೆ ಕಂಡ. ತಾನು ಸಂಜೆಯೊಳಗೆ ವರದಿ ಕೊಡಬೇಕು, ಮತ್ತೆ ಬರಲು ದಿನವಿಲ್ಲ ಎಂದ.

"ನೋಡಿದ್ರಾ ಪೀಕ್ ಸಾಹೇಬ್ರೇ," ಎಂದಳು ಲೆಟಿ. ದನಿ ಮಾತ್ರ ಸ್ವಲ್ಪ ಸಣ್ಣದಾಗಿತ್ತು. "ಇವನ ಹೊಟ್ಟೆ ಕೊಯ್ದರೂ ಒಂದು ಸುಳ್ಳು ಸಿಕ್ಕಲ್ಲ. ಒಳಗೆ ಬನ್ನಿ. ಚಹಾ ಕುಡಿದು ಆಮೇಲೆ ಬರಕೊಳ್ಳಿ, ನನ್ನನ್ನ ಓಡಿಸೋ ಕಾಗದ."

ಆಕೆ ಒಲೆಯ ಮೇಲೆ ಕೆಟಲ್ ಇಟ್ಟಳು. ಎನೋಕ್ ಇಪ್ಪತ್ತು ವರ್ಷ ಕೂತ ಕುರ್ಚಿಯಲ್ಲಿ ಕೂತು, ಇಪ್ಪತ್ತು ವರ್ಷ ಕಂಡ ಒಲೆಯನ್ನು ನೋಡಿದ. ಹಿತ್ತಾಳೆಯ ಸರಳು ಸುತ್ತಿದ ಕರಿಯ ಬೀಡುಕಬ್ಬಿಣದ ಗಿಡ್ಡ ಒಲೆ. ದೋಣಿ ಬಿಟ್ಟು ಮನೆ ಸೇರಿದಾಗ, ಬೇರೆ ಒಲೆಯಲ್ಲಿ ಚಹಾ ರುಚಿಸುವುದಿಲ್ಲವೆಂದು ಲೆಟಿ ಅದನ್ನು ಲಿನೆಟ್‌ನ ಕೋಣೆಯಿಂದ ಕೀಳಿಸಿ ತಂದಿದ್ದಳು.

ಎನೋಕ್ ಪಟ್ಟಿಯ ಕೆಳಗಿನ ಸಣ್ಣ ಅಕ್ಷರಗಳನ್ನು ಓದಿದ. ಲಿನೆಟ್ ಹೊಸದಾಗಿದ್ದಾಗ, 1936ರಲ್ಲಿ, ಆ ಪಟ್ಟಿ ಮಾಡಿದ್ದು. ಅಂದು ಕೋಣೆಯಲ್ಲಿ ಒಲೆ, ತುಂಬಿದ ಕಲ್ಲಿದ್ದಲ ಪೆಟ್ಟಿಗೆ, ತುಂಬಿದ ಎರಡು ನೀರಿನ ಪಾತ್ರೆ ಇದ್ದವು. ಒಟ್ಟು ಮೂರು ಹಂಡರ್‌ವೇಟ್. ಈಗ ಅವೊಂದೂ ಅಲ್ಲಿಲ್ಲ. ದೋಣಿಯೇ ಅಷ್ಟು ಹಗುರ. ಗೊಬ್ಬರ ತುಂಬುವ ಮೊದಲು ಖಾಲಿ ದೋಣಿಯನ್ನು ಒಮ್ಮೆ ಅಳೆದಿದ್ದರೆ ಬೇರೆ ಮಾತಿತ್ತು. ಆದರೆ ಸುಂಕದ ಗುಮಾಸ್ತರು ಖಾಲಿ ದೋಣಿಯನ್ನು ಅಳೆಯುವುದಿಲ್ಲ. ಖಾಲಿ ದೋಣಿ ಪಟ್ಟಿಯಲ್ಲಿರುತ್ತದೆ.

ಒಲೆಯ ತೂಕ ಸೇರಿಸಿ ಎಂದರೆ ಸಾಕು. ಆದರೆ ದೋಣಿ ಮುಳುಗಿದ್ದಷ್ಟೇ ಹೊರೆ ಎಂಬ ನಿಯಮ ಅಲ್ಲಿಗೆ ಮುರಿಯಿತು. ಇಲ್ಲದ ಒಲೆಯನ್ನು ಕೂಡುವವನು ಇದ್ದ ಹಿಮವನ್ನು ಕಳೆಯಲೇಬೇಕು. ಕೆಟಲ್ ಕುದಿಯಿತು. ಎನೋಕ್ ಪಟ್ಟಿಯನ್ನು ಪೀಕ್‌ನ ಮುಂದಕ್ಕೆ ಸರಿಸಿದ.

"ಪೀಕ್ ಅವರೇ, ನಾನು ಹೇಳಿದ್ದು ತಪ್ಪು," ಎಂದ. "ಎರಡು ಟನ್ ಒಂದು ಹಂಡರ್‌ವೇಟ್ ಇದೆ. ಒಲೆ ಇಲ್ಲಿದೆ, ನೋಡಿ. ದೋಣಿಯಲ್ಲಿ ಅದರ ನಾಲ್ಕು ಮೊಳೆಯ ತೂತು ಇವೆ."

"ಆದ್ರೆ ಮುಳುಗಿದ್ದೇ ಲೆಕ್ಕ ಅಂತ ಅಳೆಯುವಾಗ ನೀವೇ ಹೇಳಿದ್ರಲ್ಲ?"

"ಹೇಳಿದೆ. ಮೂವತ್ತಾರು ವರ್ಷದಿಂದ ಹೇಳ್ತಾ ಇದ್ದೀನಿ. ಅದು ತಪ್ಪು." ಆತ ಲೆಟಿಯ ಕಡೆ ತಿರುಗಿದ. "ಅವತ್ತೂ ತಪ್ಪು, ಮಿಸೆಸ್ ಬ್ಲ್ಯಾಗ್. ಹಿಮ ಕಲ್ಲಿದ್ದಲಲ್ಲ."

ಲೆಟಿ ಕೈಯಲ್ಲಿದ್ದ ಬಟ್ಟಲನ್ನು ಹಾಗೆಯೇ ಹಿಡಿದುಕೊಂಡು ನಿಂತಳು.

ಪೀಕ್ ದೋಣಿಗೆ ಹೋಗಿ ನಾಲ್ಕು ತೂತುಗಳಲ್ಲೂ ಬೆರಳಿಟ್ಟು ನೋಡಿ ಬಂದ. ಪಟ್ಟಿಯ ಸಣ್ಣ ಅಕ್ಷರಗಳನ್ನು ಎರಡು ಸಲ ಓದಿದ. ಅರವತ್ತೊಂದನೆಯ ಕಲಮಿನ ಪ್ರಕಾರ ಶುಲ್ಕವಿಲ್ಲ ಎಂದು ಬರೆದು ಸಹಿ ಹಾಕಿದ. ಮುಂದಿನ ಏಪ್ರಿಲ್‌ನಲ್ಲಿ ಮತ್ತೆ ಬರುವೆನೆಂದ.

"ಬನ್ನಿ. ಆ ಬೂಟು ಮಾತ್ರ ಬೇಡ," ಎಂದಳು ಲೆಟಿ. "ಇವತ್ತು ಒಂದು ಬುಟ್ಟಿ ಒಯ್ಯಿರಿ, ನಿಮ್ಮ ಮನೆಯವರ ಗುಲಾಬಿಗೆ." ಪೀಕ್ ಬೇಗನೆ ಹೊರಟ.

ಡ್ಯಾಬ್ಸ್ ದಂಪತಿಗಳೂ ಹೋದ ಮೇಲೆ ಎನೋಕ್ ಜೇಬಿನಿಂದ ಪೆನ್ಸಿಲ್ ತೆಗೆದ. ಟನ್ನಿಗೆ ಹದಿನೈದು ಹಳೆಯ ಪೆನ್ನಿಯಂತೆ ಎಂಟು ಹಂಡರ್‌ವೇಟಿಗೆ ಆರು ಪೆನ್ನಿ. ನಾಣ್ಯ ಪದ್ಧತಿ ಬದಲಾದ ಮೇಲೆ, ಹೊಸ ಪೆನ್ನಿಯಲ್ಲಿ ಅದು ಎರಡೂವರೆ.

"ಬಡ್ಡಿ?" ಎಂದಳು ಲೆಟಿ.

"ಅಷ್ಟು ವರ್ಷ ಬೈಸಿಕೊಂಡಿದ್ದೀನಿ. ಬಡ್ಡಿ ಸಂದಿದೆ."

ಆತ ಮೇಜಿನ ಮೇಲೆ ಎರಡು ಪೆನ್ನಿ ಇಟ್ಟ. ಅಲ್ಲಿಗೆ ಕೈ ನಿಂತಿತು. ಅರ್ಧ ಪೆನ್ನಿಯ ನಾಣ್ಯವನ್ನು ಸರ್ಕಾರ ಎರಡು ವರ್ಷದ ಹಿಂದೆಯೇ ಚಲಾವಣೆಯಿಂದ ತೆಗೆದಿತ್ತು. ಎರಡು ಕೊಟ್ಟರೆ ಕಡಿಮೆ. ಮೂರು ಕೊಟ್ಟರೆ ಹೆಚ್ಚು. ಹೆಚ್ಚು ಕೊಡುವುದೂ ತಪ್ಪು ಲೆಕ್ಕವೇ.

"ಇನ್ನೊಂದು ಸಲ ಅಷ್ಟೇ ಮೋಸ ಮಾಡು," ಎಂದಳು ಲೆಟಿ. "ಐದಕ್ಕೆ ಸರಿಹೋಗತ್ತೆ."

"ಆಗುವುದಿಲ್ಲ."

"ಹಾಗಾದ್ರೆ ಬಾಕಿ ಇರಲಿ. ಬಾಕಿ ಇಟ್ಟವನು ಊರು ಬಿಟ್ಟು ಹೋಗಬಾರದು, ತಿಳೀತಾ? ಸೋಮವಾರ ಸೋಮವಾರ ಬಂದು ಮುಖ ತೋರಿಸಬೇಕು." ಆಕೆ ಎರಡು ಪೆನ್ನಿಯನ್ನು ಎತ್ತಿ ಒಲೆಯ ಹಿತ್ತಾಳೆ ಸರಳಿನ ಹಿಂದೆ ಇಟ್ಟು, ಆತನ ಬಟ್ಟಲಿಗೆ ಮತ್ತೆ ಚಹಾ ಸುರಿದಳು. "ಕುಡಿ, ಎನೋಕ್. ಆರತ್ತೆ."

ಆಕೆ ಆತನನ್ನು ಹೆಸರು ಹಿಡಿದು ಕರೆದದ್ದು ಅದೇ ಮೊದಲು. ಎನೋಕ್ ಬಟ್ಟಲನ್ನು ತಳ ಕಾಣುವವರೆಗೆ ಕುಡಿದ. ಆಮೇಲೆ ತನ್ನ ಜೇಬಿನ ಲೆಕ್ಕದ ಪುಸ್ತಕದಲ್ಲಿ ದಿನಾಂಕ ಹಾಕಿ ಬರೆದ: ಲೆಟಿ ಬ್ಲ್ಯಾಗ್‌ಗೆ ಸಲ್ಲಬೇಕಾದ ಬಾಕಿ, ಅರ್ಧ ಪೆನ್ನಿ.